ಒಂದೇ ಸಲ ಹಾರುವ ರಾಜ

ಅಕ್ಕ ತಪ್ಪು ರೈಲು ಹತ್ತಿದ ದಿನ ನಾನು ಸ್ಟೇಷನ್ನಿನ ಬೋರ್ಡನ್ನು ಬೈದೆ. ಕಡೂರಿನಿಂದ ಹೊರಟ ಗಾಡಿಗಳಿಗೆ ಬೀರೂರು ದಾಟಿದ ಮೇಲೆ ದಾರಿ ಕವಲಾಗುತ್ತದೆ. ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ. ಅಜ್ಜಂಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಅಕ್ಕ, ಕೂದಲು ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಅದೇ ದಾರಿಯಲ್ಲಿ ಓಡಾಡಿದವಳು, ಆ ದಿನ ತರೀಕೆರೆಯಲ್ಲಿ ಇಳಿದು ನನಗೆ ಫೋನ್ ಮಾಡಿದಳು. ಬೋರ್ಡು ನೆಟ್ಟಗಿಲ್ಲ, ಅನೌನ್ಸ್‌ಮೆಂಟು ಕೇಳಿಸಲ್ಲ ಎಂದು ನಾನು ಅಂಗಡಿಯಲ್ಲಿ ಕೂಗಾಡಿದೆ. ಸಂಜೆ ಹೋಗಿ ನೋಡಿದರೆ ಬೋರ್ಡು ನೆಟ್ಟಗೇ ಇತ್ತು.

ಇದು ನನ್ನ ಕಸುಬಿನಿಂದ ಬಂದ ಚಾಳಿ ಇರಬೇಕು. ನನ್ನದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರ್ ಹೊತ್ತು ತಂದವರು ಯಾರೂ ತಮ್ಮ ತಪ್ಪು ಎಂದು ಹೇಳಿದ್ದಿಲ್ಲ. ಮೊದಲು ಕರೆಂಟನ್ನು ಬೈಯುತ್ತಾರೆ, ಆಮೇಲೆ ನೀರನ್ನು, ಕೊನೆಗೆ ನನ್ನನ್ನು. ಇವರ ಜೊತೆ ದಿನವಿಡೀ ಇದ್ದು ಇದ್ದು ನನಗೂ ಏನು ಕೆಟ್ಟರೂ ಹೊರಗಿನವರದ್ದೇ ತಪ್ಪು ಎನ್ನಿಸುವುದು ರೂಢಿಯಾಗಿದೆ.

ಅಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. "ಕ್ಲಾಸು ತುಂಬಾ ಸಾಕ್ತಿದೀನಿ ಕಣ್ರೀ, ಮನೇಲಿ ಬೇರೆ ಇನ್ನೊಂದ್ ಯಾಕೆ?" ಅಪ್ಪ ತೀರಿಕೊಂಡ ಮೇಲೆ ಚೌಳಹಿರಿಯೂರಿನ ಮನೆ ಬಿಟ್ಟು ಕಡೂರಿಗೆ ಬಂದು ನನ್ನ, ನನ್ನ ಹೆಂಡತಿಯ ಜೊತೆಯಲ್ಲೇ ಉಳಿದಳು. ಉಳಿದಳು ಎನ್ನುವುದಕ್ಕಿಂತ ನಮ್ಮಿಬ್ಬರನ್ನೂ ಇಟ್ಟುಕೊಂಡಳು ಎನ್ನುವುದೇ ಸರಿ. ಸಾರಿಗೆ ಉಪ್ಪು ಎಷ್ಟು ಎಂಬುದರಿಂದ ಹಿಡಿದು ನಾನು ಮೀಸೆ ಬಿಡಬೇಕೋ ಬೇಡವೋ ಎಂಬುದರವರೆಗೆ ತೀರ್ಮಾನ ಅವಳದ್ದು.

ರೈಲಿನ ಸಂಗತಿಯಾಗಿ ಕೆಲವು ದಿನಕ್ಕೆ ಶಾಲೆಯ ಮುಖ್ಯೋಪಾಧ್ಯಾಯಿನಿ ನನಗೆ ಫೋನ್ ಮಾಡಿದರು. ಬಹಳ ಸಂಕೋಚದಿಂದ ಮಾತಾಡಿದರು. ಮೇಡಂ ಹಿಂದಿನ ದಿನ ಮಾಡಿದ ಲೆಕ್ಕಗಳನ್ನೇ ಮಾರನೆಯ ದಿನವೂ ಮಾಡಿಸುತ್ತಿದ್ದಾರಂತೆ. ಮಕ್ಕಳು ಏನೂ ಅನ್ನದೆ ಇನ್ನೊಂದು ಸಲ ಬರೆದುಕೊಂಡಿವೆಯಂತೆ. "ಗಟ್ಟಿಯಾಗ್ಲಿ ಅಂತ ಮಾಡ್ಸಿರ್ತಾಳೆ ಬಿಡಿ" ಎಂದು ನಾನು ಬಿರುಸಾಗಿಯೇ ಉತ್ತರ ಕೊಟ್ಟೆ. ಫೋನ್ ಇಟ್ಟ ಮೇಲೆ ಕೈಯಲ್ಲಿದ್ದ ತಾಮ್ರದ ತಂತಿ ಎಲ್ಲಿಗೆ ಸುತ್ತಬೇಕು ಎಂಬುದೇ ತಿಳಿಯಲಿಲ್ಲ.

ಆಮೇಲೆ ಅಕ್ಕನೇ ಒಂದು ಶನಿವಾರ ಶಾಲೆಯಿಂದ ಮನೆಗೆ ಹೋಗದೆ ನೇರ ಅಂಗಡಿಗೆ ಬಂದಳು. ಸ್ಟೂಲಿನ ಮೇಲಿದ್ದ ಗ್ರೀಸ್ ಡಬ್ಬ ಪಕ್ಕಕ್ಕಿಟ್ಟು ಕುಳಿತಳು.

"ಲೇ, ನಂಗೇನೋ ಆಗ್ತಿದೆ ಕಣೋ."

"ಏನಾಗಿದೆ? ವಯಸ್ಸಾಗಿದೆ, ಅಷ್ಟೇ."

"ವಯಸ್ಸಾಗಿರೋದು ನಂಗೂ ಗೊತ್ತು. ಸುಮ್ನೆ ಕೇಳು. ನಿನ್ನೆ ಬೋರ್ಡ್ ಮುಂದೆ ನಿಂತಿದ್ದೆ, ಲೆಕ್ಕ ಅರ್ಧ ಆಗಿತ್ತು. ಮುಂದ್ಲದ್ದು ಏನು ಅಂತಾನೇ ಹೊಳೀಲಿಲ್ಲ. ಸೀಮೆಸುಣ್ಣ ಮುರೀತು ಅಂತ ನಾಟಕ ಆಡ್ದೆ. ಮಕ್ಕಳಿಗೆ ತಪ್ಪು ಲೆಕ್ಕ ಹೇಳ್ಕೊಡೋ ಮೇಷ್ಟ್ರಾಗಿ ನಾನು ಇರಲ್ಲ. ಆದ್ರೆ ಸುಮ್‌ಸುಮ್ನೆ ಹೆದ್ರಿ ಬಿಡೋದೂ ಇಲ್ಲ."

ಅವಳು ಎಲ್ಲವನ್ನೂ ಯೋಚಿಸಿಕೊಂಡೇ ಬಂದಿದ್ದಳು. ಬ್ಯಾಗಿನಿಂದ ಮೊಬೈಲ್ ತೆಗೆದು ಯಾರೋ ಕಳಿಸಿದ್ದ ವಾಟ್ಸಾಪ್ ಸಂದೇಶ ತೋರಿಸಿದಳು. ತರೀಕೆರೆಯಲ್ಲಿ ಹೊಸಬರಿಗಾಗಿ ಚೆಸ್ ಪಂದ್ಯ. ಐದೈದು ನಿಮಿಷದ ಆಟ. ಗೆಲ್ಲುವುದು ಮುಖ್ಯವಲ್ಲ, ಬಂದು ನಾಲ್ಕು ಜನರ ಪರಿಚಯ ಮಾಡಿಕೊಳ್ಳಿ, ತಿಂಡಿಯ ವ್ಯವಸ್ಥೆ ಇದೆ ಎಂದು ಬರೆದಿತ್ತು.

"ನಾನು ಆಡ್ತೀನಿ. ನೀನು ಹಿಂದೆ ಕೂತ್ಕೊಂಡು ನೋಡು. ನನ್ನಾಟ ಈ ಪ್ರಪಂಚದಲ್ಲಿ ಗೊತ್ತಿರೋನು ನೀನೊಬ್ನೇ. ಸೋತ್ರೆ ಸೋಲ್ಲಿ, ಅದಲ್ಲ. ತಲೆ ಸರಿ ಇದ್ಯೋ ಇಲ್ವೋ ನೋಡಿ ನಿಜ ಹೇಳು. ಇಲ್ಲ ಅಂದ್ರೆ ಅವತ್ತೇ ಶಾಲೆ ಬಿಡ್ತೀನಿ."

"ಅಷ್ಟು ದೂರ ಯಾಕೆ? ಮನೇಲೇ ನನ್ಜೊತೆ ಆಡು."

"ನೀನು ಸೋತು ಕೊಡ್ತೀಯ" ಎಂದಳು.

ಅದು ನಿಜ. ಅಷ್ಟು ಹೊತ್ತಿಗಾಗಲೇ ನಾನು ಅದನ್ನೇ ಯೋಚಿಸಿದ್ದೆ. ಅವಳು ಕೈ ಮುಂದೆ ಚಾಚಿದಳು. ಗ್ರೀಸು ಮೆತ್ತಿದ ನನ್ನ ಅಂಗೈಯನ್ನು ಅದರ ಮೇಲಿಟ್ಟು ಮಾತು ಕೊಟ್ಟೆ. ಹೆದರಿಕೆಯಾಗಿತ್ತು, ಆದರೂ ಕೊಟ್ಟೆ.

ನಮ್ಮಿಬ್ಬರಿಗೂ ಚದುರಂಗ ಕಲಿಸಿದ್ದು ಅಪ್ಪನ ಅಕ್ಕ, ನಮ್ಮ ಅತ್ತೆ. ಗಂಡ ಸತ್ತ ಮೇಲೆ ಚೌಳಹಿರಿಯೂರಿಗೆ ಬಂದು ನಮ್ಮ ಮನೆಯಲ್ಲೇ ಇದ್ದವಳು. ಹಳೆಯ ಸೀರೆಯ ತುಂಡುಗಳನ್ನು ಚೌಕಚೌಕವಾಗಿ ಹೊಲಿದು ಅವಳೇ ಮಾಡಿಕೊಂಡ ಹಾಸು ಅದು, ಒಂದು ಮನೆ ಹಸಿರು, ಒಂದು ಮನೆ ಕೆಂಪು. ಅವಳ ಆಟದ ನಿಯಮಗಳೂ ಈಗಿನವಲ್ಲ. ಈಗ ಆನೆಯನ್ನೂ ರಾಜನನ್ನೂ ಒಟ್ಟಿಗೆ ಸರಿಸಿ ಕೋಟೆ ಕಟ್ಟುತ್ತಾರಲ್ಲ, ಅದು ನಮ್ಮಲ್ಲಿ ಇರಲಿಲ್ಲ. ಅದರ ಬದಲು ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ಒಂದೇ ಸಲ, ಅದೂ ಅವನಿಗೆ ಇನ್ನೂ ಚೆಕ್ ಬೀಳುವ ಮುಂಚೆ. ಚೆಕ್ ಬಿತ್ತೆಂದರೆ ಆ ಹಕ್ಕು ಹೋಯಿತು. ನಾನು ಚಿಕ್ಕವನಾಗಿದ್ದಾಗ ಸೋಲುವ ಸಂಕಟಕ್ಕೆ ಎರಡನೇ ಸಲ ಹಾರಿಸಲು ನೋಡುತ್ತಿದ್ದೆ. ಅತ್ತೆ ಪಕ್ಕದಲ್ಲಿದ್ದ ಸೌಟಿನಿಂದ ಮುಂಗೈಗೆ ಒಂದು ಕೊಡುತ್ತಿದ್ದಳು. "ಒಂದೇ ಸಲ ಕಣೋ ಕಳ್ಳ. ಮುಗೀತು ಅವ್ನ ಹಾರಾಟ." ಅಕ್ಕ ಒಮ್ಮೆಯೂ ಸೌಟಿನ ಏಟು ತಿಂದವಳಲ್ಲ. ಆ ಒಂದು ಹಾರುವಿಕೆಯನ್ನು ಕೊನೆಯವರೆಗೆ ಕೂಡಿಟ್ಟುಕೊಂಡು, ಎದುರಾಳಿ ಮರೆತೇಬಿಟ್ಟ ಹೊತ್ತಿಗೆ ತೆಗೆಯುತ್ತಿದ್ದಳು.

ಪಂದ್ಯ ನಡೆದದ್ದು ತರೀಕೆರೆಯ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ಮದುವೆಯಲ್ಲಿ ಎಲೆ ಹಾಕುವ ಉದ್ದನೆಯ ಟೇಬಲ್ಲುಗಳಿಗೆ ಬಿಳಿ ಕಾಗದ ಹಾಸಿ, ಮೇಲೆ ಸುರುಳಿ ಬಿಚ್ಚಿದ ಪ್ಲಾಸ್ಟಿಕ್ ಬೋರ್ಡುಗಳನ್ನು ಸಾಲಾಗಿ ಇಟ್ಟಿದ್ದರು. ಒಂದೆರಡು ಟೇಬಲ್ಲಿಗೆ ನಿಜವಾದ ಗಡಿಯಾರ, ಉಳಿದವಕ್ಕೆ ಮೊಬೈಲು. ನಡೆಸುತ್ತಿದ್ದವರು ಊರಿನ ಒಬ್ಬ ಹಲ್ಲಿನ ಡಾಕ್ಟರು, ಇನ್ನೂ ಚಿಕ್ಕ ವಯಸ್ಸು, ನಗುಮುಖ. ಮೈಕಿನಲ್ಲಿ ಹೇಳಿದರು: "ಇಲ್ಲಿ ಯಾರೂ ಯಾರನ್ನೂ ಬೈಯಂಗಿಲ್ಲ. ತಪ್ಪು ಮಾಡಿದ್ರೆ ವಾಪಸ್ ಇಡಿ, ಇನ್ನೊಂದ್ ಮಾಡಿ. ಗೆದ್ದೋರ್ಗೂ ಉಪ್ಪಿಟ್ಟೇ, ಸೋತೋರ್ಗೂ ಉಪ್ಪಿಟ್ಟೇ."

ಅಕ್ಕ ಶಾಲೆಗೆ ಹೋಗುವಂತೆ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಬಂದಿದ್ದಳು. ನಾನು ಅವಳ ಹಿಂದೆ ಒಂದು ಕುರ್ಚಿ ಎಳೆದುಕೊಂಡು ಕುಳಿತೆ.

ಮೊದಲ ಆಟದಲ್ಲಿ ಎದುರಿಗಿದ್ದವನು ಕಾಲೇಜು ಹುಡುಗ. ಅಕ್ಕನ ಆಟ ಚೆನ್ನಾಗಿಯೇ ಇತ್ತು. ಆದರೆ ಕಾಯಿ ನಡೆಸಿದ ಮೇಲೆ ಗಡಿಯಾರದ ಗುಂಡಿ ಒತ್ತಲು ಮರೆಯುತ್ತಿದ್ದಳು. ಅವಳ ಸಮಯ ಸೋರಿಹೋಗಿ ಸೋತಳು. ನನಗೆ ಚಿಂತೆಯಾಗಲಿಲ್ಲ. ಹಾಲಿನಲ್ಲಿದ್ದವರೆಲ್ಲ ಗುಂಡಿ ಮರೆಯುತ್ತಿದ್ದರು, ಒಬ್ಬರು ಎದುರಿನವರ ಗುಂಡಿಯನ್ನೇ ಒತ್ತಿ ಕುಳಿತಿದ್ದರು. ಅತ್ತೆಯ ಆಟಕ್ಕೆ ಗಡಿಯಾರ ಎಲ್ಲಿತ್ತು? ಮಧ್ಯದಲ್ಲಿ ಎದ್ದು ಹೋಗಿ ಅನ್ನ ಬಸಿದು ಬರುತ್ತಿದ್ದಳು.

ಎರಡನೇ ಆಟಕ್ಕೆ ಎದುರು ಬಂದವರು ಅಲ್ಲೇ ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸು. ಮಗಳಿಗೆ ಕಲಿಸಲು ಮೊಬೈಲ್ ನೋಡಿ ತಾವೇ ಕಲಿತವರು, ಬಾಯಿ ತುಂಬಾ ಮಾತು. ಕಾಯಿ ಹೊಡೆದಾಗಲೆಲ್ಲ "ಸಾರಿ ಮೇಡಂ" ಎನ್ನುತ್ತಿದ್ದರು. ಆಟ ಸ್ವಲ್ಪ ಸಾಗುವಷ್ಟರಲ್ಲಿ ಅವರ ಮಂತ್ರಿ, ಆನೆ ಎರಡೂ ಅಕ್ಕನ ರಾಜನಿದ್ದ ನಡುಸಾಲಿಗೆ ಬರುವ ಹವಣಿಕೆಯಲ್ಲಿದ್ದವು. ರಾಜ ಇನ್ನೂ ತನ್ನ ಮನೆ ಬಿಟ್ಟಿರಲಿಲ್ಲ. ಅಕ್ಕ ಕಿರುಬೆರಳು ಎತ್ತಿ ರಾಜನನ್ನು ಹಿಡಿದು, ಬಲಗಡೆ ಮುಂದೆ ಹೋಗಿದ್ದ ಸಿಪಾಯಿಯ ಹಿಂದಿನ ಖಾಲಿ ಮನೆಗೆ ಹಾರಿಸಿದಳು. ಥೇಟ್ ಕುದುರೆಯ ನಡೆ.

"ಅಯ್ಯೋ ಮೇಡಂ! ರಾಜನ್ನ ಕುದುರೆ ಮಾಡ್ಬಿಟ್ರಲ್ಲ!"

ಅಕ್ಕಪಕ್ಕದವರು ನಕ್ಕರು. ಡಾಕ್ಟರು ಬಂದು ನೋಡಿ, "ಇದು ಆಗಲ್ಲ ಮೇಡಂ, ರಾಜ ಒಂದೊಂದೇ ಮನೆ" ಎಂದು ಮೆಲ್ಲಗೆ ಹೇಳಿ ಕಾಯಿಗೆ ಕೈ ಹಾಕಿದರು. ಅಕ್ಕನ ಮುಖ ಒಮ್ಮೆಲೇ ಇಳಿದುಹೋಯಿತು. ಹಿಂದೆ ತಿರುಗಿ ನನ್ನನ್ನು ನೋಡಿದಳು. ಅವಳು ಹಾಗೆ ನನ್ನ ಕಡೆ ನೋಡಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ನನಗೆ ಎಲ್ಲಿತ್ತೋ ಸಿಟ್ಟು. ಎದ್ದು ನಿಂತುಬಿಟ್ಟೆ.

"ಏನ್ರೀ ಡಾಕ್ಟ್ರೇ ಆಗಲ್ಲ ಅಂದ್ರೆ? ನೀವು ಮೊಬೈಲ್ನಲ್ಲಿ ಕಲ್ತಿದ್ದು ಮೊನ್ನೆ ಮೊನ್ನೆ. ನಮ್ ಚೌಳಹಿರಿಯೂರಲ್ಲಿ ಚೆಕ್ ಬೀಳೋಕ್ ಮುಂಚೆ ರಾಜ ಹಾರ್ತಿದ್ದ. ನಮ್ಮತ್ತೆ ಹೇಳ್ಕೊಟ್ಟಿರೋದು. ನಿಮ್ಮಜ್ಜಂದ್ರನ್ನ ಹೋಗಿ ಕೇಳಿ ಬೇಕಾದ್ರೆ!"

ಯಾರನ್ನೂ ಬೈಯಬಾರದು ಎಂದು ಹೇಳಿದ ಹಾಲಿನಲ್ಲಿ ನನ್ನ ದನಿ ಮೂಲೆಮೂಲೆಗೂ ಕೇಳಿತು. ಪುಣ್ಯಕ್ಕೆ ಡಾಕ್ಟರು ನಕ್ಕುಬಿಟ್ಟರು. ಪಕ್ಕದ ಟೇಬಲ್ಲಿನ ಹಿರಿಯರೊಬ್ಬರು "ನಿಜ ಕಣ್ರೀ, ನಮ್ಮಲ್ಲೂ ಹಂಗೇ ಆಡ್ತಿದ್ರು" ಎಂದರು. ಪಾರ್ಲರಿನ ಹೆಂಗಸು, "ಹಾರ್ಲಿ ಬಿಡಿ ಸರ್, ಚೆನ್ನಾಗಿದೆ" ಎಂದು ಕೈ ತಟ್ಟಿದರು. ಡಾಕ್ಟರು ಮೈಕಿನಲ್ಲಿ, "ಈ ಟೇಬಲ್ಲಲ್ಲಿ ಇವತ್ತು ಚೌಳಹಿರಿಯೂರು ರೂಲ್ಸು. ರಾಜ ಹಾರ್ಬೋದು!" ಎಂದು ಸಾರಿದರು. ಒಂದೇ ಸಲ ಎಂಬ ಮಾತನ್ನು ನಾನು ಹೇಳಿದ್ದೆನೋ ಇಲ್ಲವೋ ಈಗ ನೆನಪಿಲ್ಲ. ಮೈಕಿನಲ್ಲಂತೂ ಅದು ಬರಲಿಲ್ಲ.

ಕುಳಿತ ಮೇಲೆ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅತ್ತೆ ಸತ್ತು ಎಷ್ಟು ಕಾಲವಾಯಿತು. ಅವಳ ಆಟದ ಕಟ್ಟಳೆಯನ್ನು ನೆನಪಿಟ್ಟುಕೊಂಡು, ಗಡಿಯಾರದ ಗಡಿಬಿಡಿಯಲ್ಲಿ ಸರಿಯಾದ ಹೊತ್ತಿಗೆ ತೆಗೆದು ಬಳಸಿದವಳಿಗೆ ಎಂಥ ಮರೆವು? ಕಣ್ಣು ತುಂಬಿ ಬಂತು. ಅಲ್ಲೇ ಮೊಬೈಲ್ ತೆಗೆದು ಹೆಂಡತಿಗೆ ಬರೆದೆ: ಅಕ್ಕನಿಗೆ ಏನೂ ಆಗಿಲ್ಲ, ನೆಮ್ಮದಿಯಾಗಿರು.

ಮೊಬೈಲ್ ಜೇಬಿಗಿಟ್ಟು ತಲೆ ಎತ್ತಿದಾಗ ಆಟ ಮುಂದೆ ಸಾಗಿತ್ತು. ಆ ಹೆಂಗಸು ತಮ್ಮ ಮಂತ್ರಿ, ಆನೆಗಳನ್ನೆಲ್ಲ ರಾಜನ ಬೆನ್ನು ಹತ್ತಿಸಿ ಬಲಗಡೆಗೆ ತಂದಿದ್ದರು. ದೂರದ ಮೂಲೆಯಿಂದ ಒಂಟೆ ಓರೆಯಾಗಿ ಬಂದು ಕುಳಿತು ಚೆಕ್ ಕೊಟ್ಟಿತು. ದೊಡ್ಡ ಅಪಾಯವೇನಲ್ಲ. ಅಡ್ಡಕ್ಕೆ ಒಂದು ಸಿಪಾಯಿಯನ್ನು ಒಂದು ಮನೆ ತಳ್ಳಿದರೆ ಮುಗಿಯಿತು. ನನ್ನ ಬೆರಳು ನನ್ನ ಮೊಣಕಾಲ ಮೇಲೆ ಆ ಸಿಪಾಯಿಯನ್ನು ಆಗಲೇ ತಳ್ಳಿತ್ತು.

ಅಕ್ಕ ಕಿರುಬೆರಳು ಎತ್ತಿ ರಾಜನನ್ನು ಹಿಡಿದಳು. ಹಾರಿಸಿದಳು. ಮೊದಲು ಎಲ್ಲಿಂದ ಹಾರಿದ್ದನೋ ಅದೇ ಮನೆಗೆ ವಾಪಸ್ ತಂದು ಕೂರಿಸಿದಳು.

"ಮತ್ತೆ ಹಾರ್ಬಿಟ್ಟ!" ಎಂದು ಆ ಹೆಂಗಸು ಹಣೆ ಚಚ್ಚಿಕೊಂಡು ನಕ್ಕರು. "ಇವ್ನನ್ನ ಹಿಡಿಯೋಕೆ ನನ್ ಕೈಲಾಗಲ್ಲಪ್ಪ!"

ಸುತ್ತಲಿದ್ದವರೂ ನಕ್ಕರು. ಡಾಕ್ಟರು ದೂರದಿಂದಲೇ ಹೆಬ್ಬೆರಳು ಎತ್ತಿದರು. ನಾನೇ ಜಗಳವಾಡಿ ಕೊಡಿಸಿದ ಸ್ವಾತಂತ್ರ್ಯ, ಈಗ ಯಾರು ಬೇಡ ಎನ್ನುತ್ತಾರೆ? ಪಕ್ಕದ ಟೇಬಲ್ಲಿನ ಹಿರಿಯರು ತಮ್ಮ ಆಟದಲ್ಲಿ ಮುಳುಗಿದ್ದರು. ನೋಡುತ್ತಿದ್ದ ಅಷ್ಟು ಜನರಲ್ಲಿ ಅದು ತಪ್ಪು ಎಂದು ಗೊತ್ತಿದ್ದವನು ನಾನೊಬ್ಬನೇ. ಅಕ್ಕ ಈ ಸಲ ನನ್ನ ಕಡೆ ತಿರುಗಿ ನೋಡಲಿಲ್ಲ. ನೆಟ್ಟಗೆ, ಹೆಮ್ಮೆಯಿಂದ ಕುಳಿತಿದ್ದಳು. ಕೊನೆಯವರೆಗೆ ಕೂಡಿಟ್ಟ ಹಾರುವಿಕೆಯನ್ನು ಈಗ ತೆಗೆದೆ ಎಂಬ ಹಳೆಯ ಗತ್ತು ಅದು, ನನಗೆ ಅದರ ಗುರುತಿತ್ತು.

ನಗುವುದರಲ್ಲೇ ಆ ಹೆಂಗಸಿನ ಸಮಯ ತೀರಿತು. ಅಕ್ಕ ಗೆದ್ದಳು. ಉಪ್ಪಿಟ್ಟು ತಿನ್ನುವಾಗ ಯಾರ್ಯಾರೋ ಬಂದು ಹಾರುವ ರಾಜನ ವಿಷಯ ಕೇಳಿದರು. ಅಕ್ಕ ಸೀರೆ ತುಂಡಿನ ಹಾಸಿನ ಕಥೆ, ಅತ್ತೆಯ ಸೌಟಿನ ಕಥೆ ಎಲ್ಲ ಹೇಳಿದಳು, ಒಂದು ಅಕ್ಷರ ತಪ್ಪಲಿಲ್ಲ. "ಒಂದೇ ಸಲ ಹಾರೋದು ಮತ್ತೆ" ಎಂದೂ ಹೇಳಿದಳು. ನಾನು ಉಪ್ಪಿಟ್ಟಿನ ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟೆ. ಹೊರಡುವಾಗ ಡಾಕ್ಟರು ಚೆನ್ನಾಗಿ ಆಡಿದ್ದಕ್ಕೆ ಎಂದು ಒಂದು ಪುಟ್ಟ ಕುಂಡದಲ್ಲಿ ಮನಿಪ್ಲಾಂಟ್ ಕೊಟ್ಟರು.

ಕಡೂರಿನ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನಾನು ಮನಸ್ಸಿನಲ್ಲೇ ಒಂದು ಕೆಟ್ಟ ಆಸೆ ಪಡುತ್ತಿದ್ದೆ. ನನ್ನಿಂದ ಮಾತು ತೆಗೆದುಕೊಂಡದ್ದನ್ನೇ ಅವಳು ಮರೆತುಬಿಟ್ಟಿರಲಿ ಎಂದು. ಯಾವ ರೋಗ ಇರಬಾರದೆಂದು ದೇವರಿಗೆ ಕೈ ಮುಗಿದಿದ್ದೆನೋ ಅದೇ ರೋಗ ಇನ್ನಷ್ಟು ಇರಲಿ ಎಂದು ಬಯಸಿದೆ. ಬೀರೂರಿನಲ್ಲಿ ಬಸ್ಸು ಜನಕ್ಕಾಗಿ ಕಾಯುತ್ತಾ ನಿಂತಿತು. ಕಡಲೆಕಾಯಿಯವನು ಹತ್ತಿ ಇಳಿದುಹೋದ.

"ಏನಪ್ಪಾ, ಹೇಳ್ಳೇ ಇಲ್ಲ" ಎಂದಳು ಅಕ್ಕ.

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. "ಎರಡು ಸಲ ಹಾರ್ಸಿದೆ ಅಕ್ಕ."

"ಏನು?"

"ರಾಜನ್ನ. ಎರಡು ಸಲ."

"ಹುಚ್ಚ! ಒಂದೇ ಸಲ ಹಾರ್ಸಿದ್ದು. ಒಂಟೆ ಬಂತಲ್ಲ, ಆವಾಗ."

"ಅದು ಎರಡ್ನೇದು."

ಅವಳಿಗೆ ಕೋಪ ಬಂತು. ನನಗೆ ಆಟವೇ ತಿಳಿಯುವುದಿಲ್ಲ, ಚಿಕ್ಕಂದಿನಿಂದ ಸೌಟಿನ ಏಟು ತಿಂದವನು ನಾನು, ಅವಳಲ್ಲ ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಮನೆಗೆ ಬಂದವಳೇ ಕುಂಡವನ್ನು ಮೆಟ್ಟಿಲ ಮೇಲಿಟ್ಟು, ಚಪ್ಪಲಿ ಬಿಟ್ಟು, ಚೆಸ್ ಬೋರ್ಡ್ ತೆಗೆದು ನಡುಮನೆಯಲ್ಲಿ ಹಾಸಿದಳು. "ತೋರ್ಸು." ನಾನು ತೋರಿಸಿದೆ. ಇಲ್ಲಿ ರಾಜ, ಇಲ್ಲಿಂದ ಇಲ್ಲಿಗೆ ಹಾರಿದ, ಡಾಕ್ಟರು ಬಂದರು, ನಾನು ಕೂಗಾಡಿದೆ. ನಾನು ಕೂಗಾಡಿದ್ದು ಕೂಡ ಅವಳಿಗೆ ನೆನಪಿರಲಿಲ್ಲ. ಅದನ್ನು ಹೇಳಿದಾಗ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಒಂಟೆಯನ್ನು ಇಟ್ಟೆ.

"ಚೆಕ್ ಇತ್ತಾ?"

"ಇತ್ತು."

"ಚೆಕ್ ಬಿದ್ಮೇಲೆ ಹಾರ್ಸಿದ್ನಾ ನಾನು?"

ನಾನು ಹೌದೆಂದು ತಲೆ ಆಡಿಸಿದೆ. ಅವಳು ಬಲಗೈಯನ್ನು ಬೋರ್ಡಿನ ಮೇಲೆ ಬೋರಲು ಇಟ್ಟು, ಎಡಗೈಯಿಂದ ಅದರ ಮುಂಗೈಗೆ ಒಂದು ಏಟು ಕೊಟ್ಟುಕೊಂಡಳು. ಜೋರಾಗಿಯೇ ಕೊಟ್ಟುಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

"ನಾಳೆ ಬೆಳಿಗ್ಗೆ ಹೆಡ್‌ಮೇಡಂಗೆ ನೀನೇ ಫೋನ್ ಮಾಡು. ನಂಗೆ ಹೇಳೋಕಾಗಲ್ಲ" ಎಂದು ಅಕ್ಕ ಕಾಯಿಗಳನ್ನು ಡಬ್ಬಕ್ಕೆ ತುಂಬಿದಳು. "ನಿಜ ಹೇಳ್ದೆ. ಒಳ್ಳೇದಾಯ್ತು."

ಮಾರನೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ನಾನು ಫೋನ್ ಮಾಡಿ ಮುಗಿಸಿದೆ. ಅಂಗಳದಲ್ಲಿ ನಿಂತು ಮಾತಾಡಿದ್ದೆ, ಒಳಗೆ ಕೇಳಿಸಬಾರದೆಂದು. ಒಳಗೆ ಬಂದರೆ ಅಕ್ಕ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ವಾಚು ಕಟ್ಟಿ, ಟಿಫಿನ್ ಬಾಕ್ಸ್ ಬ್ಯಾಗಿಗೆ ಹಾಕಿಕೊಂಡು ನಿಂತಿದ್ದಳು.

"ಬೈಕ್ ತೆಗಿಯೋ. ಟ್ರೈನ್‌ಗೆ ಲೇಟಾಯ್ತು."

ನಾನು ಅವಳನ್ನು ಕೂರಿಸಿ ಎಲ್ಲವನ್ನೂ ಮತ್ತೆ ಹೇಳಿದೆ. ಪಂದ್ಯ, ಹಾರಿದ ರಾಜ, ಬಸ್ಸು, ಬೋರ್ಡು, ಅವಳು ಹೇಳಿದ ಮಾತು. ಹಿಂದಿನ ಸಂಜೆ ಅವಳ ಮುಖದಲ್ಲಿ ಏನೇನು ಕಂಡಿದ್ದೆನೋ ಅದೆಲ್ಲ ಅದೇ ಕ್ರಮದಲ್ಲಿ ಮತ್ತೆ ಬಂತು. ಕೋಪ ಬಂತು, ಆಮೇಲೆ ನನ್ನ ಮುಖವನ್ನೇ ನೋಡುವುದು.

ಈಗ ಶಿವಮೊಗ್ಗದ ಡಾಕ್ಟರ ಮಾತ್ರೆ ನಡೆಯುತ್ತಿದೆ. ಸ್ಕ್ಯಾನ್ ನೋಡಿ ಅವರು ಹೇಳಿದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಬರೆಯಲು ಇಷ್ಟವಿಲ್ಲ. ಮನಿಪ್ಲಾಂಟ್ ಕೊಳೆತುಹೋಯಿತು. ನೀರು ಹಾಕಿದ್ದನ್ನು ಮರೆತು ಮರೆತು ಹಾಕುತ್ತಿದ್ದಳು. ಚದುರಂಗ ಈಗಲೂ ಆಡುತ್ತೇವೆ. ರಾಜ ಎಷ್ಟು ಸಲ ಹಾರಿದರೂ ನಾನು ಎಣಿಸುವುದಿಲ್ಲ, ಸೋತು ಕೊಡುತ್ತೇನೆ. ಅದು ಈಗ ಅವಳಿಗೆ ಗೊತ್ತಾಗುವುದಿಲ್ಲ.

ಆದರೆ ಬೆಳಿಗ್ಗೆ ಸೀರೆ ಉಟ್ಟು ಬ್ಯಾಗು ಹಿಡಿದು ಬಾಗಿಲಿಗೆ ಬರುವುದು ನಿಂತಿಲ್ಲ. "ಇವತ್ತು ಭಾನುವಾರ ಅಂದ್ಬಿಡ್ರೀ, ದಿನಾ ಯಾಕೆ ಅವ್ರ ಹೊಟ್ಟೆ ಉರಿಸ್ತೀರ?" ಎಂದು ನನ್ನ ಹೆಂಡತಿ ಬೈಯುತ್ತಾಳೆ. ಅವಳು ಹೇಳುವುದು ಸರಿಯೇ ಇರಬಹುದು. ಆದರೆ ನಾನು ಅಕ್ಕನ ಅಂಗೈ ಮುಟ್ಟಿ ಮಾತು ಕೊಟ್ಟವನು. ಕೊಡುವಾಗ ಅದು ಒಂದು ಸಲ ಹೇಳಿ ಮುಗಿಸುವ ಮಾತು ಎಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆಯೂ ಹೇಳಿದೆ. ಚಪ್ಪಲಿ ಮೆಟ್ಟಿದ ಕಾಲಲ್ಲೇ ಅಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ಪೂರ್ತಿ ಕೇಳಿದಳು. ಬ್ಯಾಗನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೇಳಿ ಮುಗಿದ ಮೇಲೆ ಬೀದಿಯ ಕಡೆ ನೋಡಿದಳು.

"ನಿಜ ಹೇಳ್ದೆ. ಒಳ್ಳೇದಾಯ್ತು" ಎಂದಳು. "ಮೊದ್ಲೇ ಯಾಕೋ ಹೇಳ್ಳಿಲ್ಲ?"